ಬರೀ ಬಾಯಿ ಕಟ್ಟಿದರೆ ಆಗುತ್ತಾ?

ತೂಕ ಇಳಿಸುವ ಬಗ್ಗೆ ನಿಮ್ಮ ಲೇಖನದಲ್ಲಿ "ಬಾಯಿ ಕಟ್ಟಿದರೆ ಸಾಕು, ತೂಕ ತಾನಾಗಿ ಇಳಿಯುತ್ತದೆ" ಎಂದು ಬರೆದಿದ್ದೀರಿ. ಅದು ಅರ್ಧ ಮಾತ್ರ ನಿಜ ಸರ್. ಮೈಯಲ್ಲಿರುವ ಕೊಬ್ಬು ಸುಮ್ನೆ ಕೂತಿರುವುದಿಲ್ಲ, ಲೆಪ್ಟಿನ್ ಅನ್ನುವ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ, ಅದು ಮೆದುಳಿನಲ್ಲಿ ಹಸಿವನ್ನು ನೋಡಿಕೊಳ್ಳುವ ಹೈಪೊಥಾಲಮಸ್ ಎಂಬ ಭಾಗಕ್ಕೆ ಹೋಗಿ "ದಾಸ್ತಾನು ಇದೆ, ಊಟ ಸಾಕು" ಎಂದು ಸುದ್ದಿ ಮುಟ್ಟಿಸುತ್ತದೆ. ನ್ಯೂಯಾರ್ಕಿನ ವಿಜ್ಞಾನಿ ಜೆಫ್ರಿ ಫ್ರೀಡ್‌ಮನ್ ತಂಡ 1994ರಲ್ಲೇ ಇದರ ಜೀನ್ ಕಂಡುಹಿಡಿಯಿತು.

1997ರಲ್ಲಿ ಕೇಂಬ್ರಿಜ್ ವೈದ್ಯರು ಒಬ್ಬ ಹುಡುಗಿಯ ಬಗ್ಗೆ ಬರೆದರು. 8 ವರ್ಷ, 86 ಕೆಜಿ! ರಕ್ತದಲ್ಲಿ ಲೆಪ್ಟಿನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಎಷ್ಟು ತಿಂದರೂ ಹಸಿವು. ಆಮೇಲೆ ಲೆಪ್ಟಿನ್ ಇಂಜೆಕ್ಷನ್ ಶುರು ಮಾಡಿದಾಗ ಹಸಿವು ತಗ್ಗಿತು, ತೂಕವೂ ಇಳಿಯಿತು. ಆ ಮಗುವಿಗೆ ಬೈದು ಏನು ಪ್ರಯೋಜನ ಆಗುತ್ತಿತ್ತು, ಹೇಳಿ?

ಇಂಥ ಕೊರತೆ ತೀರಾ ಅಪರೂಪ, ಒಪ್ಪುತ್ತೇನೆ. ದಪ್ಪಗಿರುವ ಹೆಚ್ಚಿನವರಲ್ಲಿ ಲೆಪ್ಟಿನ್ ಜಾಸ್ತಿಯೇ ಇರುತ್ತದೆ, ಮೆದುಳು ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ ಅಷ್ಟೆ. ಉಪವಾಸ ಮಾಡಿ ತೂಕ ಇಳಿಸಿದರೆ ಲೆಪ್ಟಿನ್ ಕುಸಿಯುತ್ತದೆ, ಹಸಿವು ಕೆರಳಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಏರುತ್ತದೆ, ಮೈ ಖರ್ಚು ಮಾಡುವ ಶಕ್ತಿಯೂ ಕಡಿಮೆಯಾಗುತ್ತದೆ.

ನನ್ನ ತಂಗಿ ರಾತ್ರಿ ಊಟ ಬಿಟ್ಟು 9 ಕೆಜಿ ಇಳಿಸಿದಳು. ಒಂದು ದಿನ 2 ಗಂಟೆ ರಾತ್ರಿಯಲ್ಲಿ ಎದ್ದು ನೋಡಿದರೆ, ಅಡುಗೆಮನೆ ಕಟ್ಟೆ ಹತ್ತಿರ ನಿಂತುಕೊಂಡೇ, ಪಾತ್ರೆಯಲ್ಲಿದ್ದ ತಣ್ಣನೆ ಅನ್ನಕ್ಕೆ ಮೊಸರು ಕಲಸಿಕೊಂಡು ಅಳುತ್ತಾ ತಿನ್ನುತ್ತಿದ್ದಳು. ಮನಸ್ಸು ಗಟ್ಟಿ ಇಲ್ಲ ಅಂತ ಅವಳಿಗೆ ಹೇಗೆ ಹೇಳಲಿ? ಮುಂದಿನ ಲೇಖನದಲ್ಲಿ ದಯವಿಟ್ಟು ಇದನ್ನೂ ಬರೆಯಿರಿ.