ಲಿಫ್ತಾದ ಹಾಳುಮನೆಗಳನ್ನು ಹಾಗೇ ಬಿಡಬೇಕೇ?

ಪರ

ಬಿಡಬೇಕು. ಒಂದು ಕಲ್ಲನ್ನೂ ಅಲುಗಿಸಬಾರದು.

ಜೆರುಸಲೇಮ್ ನಗರಕ್ಕೆ ಪಶ್ಚಿಮದಿಂದ ಹೋಗುವಾಗ ಹೆದ್ದಾರಿಯ ಕೆಳಗೆ, ಕಣಿವೆಯ ಇಳಿಜಾರಿನಲ್ಲಿ ಸಿಗುವ ಪ್ಯಾಲೆಸ್ತೀನಿ ಊರು ಲಿಫ್ತಾ. 1945ರ ಲೆಕ್ಕದಲ್ಲಿ ಇಲ್ಲಿ ಸುಮಾರು 2,500 ಜನರಿದ್ದರು. 1947ರ ಡಿಸೆಂಬರ್ 28ರಂದು ಯಹೂದಿ ಬಂದೂಕುಧಾರಿಗಳು ಊರಿನ ಕಾಫಿ ಅಂಗಡಿಯ ಮೇಲೆ ಗುಂಡು ಹಾರಿಸಿದರು. ಕೂತಲ್ಲೇ ಜನ ಸತ್ತರು. ಮುಂದಿನ ಕೆಲವೇ ವಾರಗಳಲ್ಲಿ ಊರು ಖಾಲಿಯಾಯಿತು. ಇಸ್ರೇಲ್ ದೇಶ ಘೋಷಣೆಯಾಗಿದ್ದು 1948ರ ಮೇ ತಿಂಗಳಲ್ಲಿ. ಅಂದರೆ ಲಿಫ್ತಾ ಬರಿದಾಗಿದ್ದು ಅದಕ್ಕೂ ಮೊದಲೇ.

1948ರ ಅರಬ್-ಇಸ್ರೇಲ್ ಯುದ್ಧದ ಸುತ್ತಮುತ್ತ 400ಕ್ಕೂ ಜಾಸ್ತಿ ಹಳ್ಳಿಗಳು ಹೀಗೇ ಬರಿದಾದವು. ಹೆಚ್ಚಿನವನ್ನು ಕೆಡವಿದರು. ಕೆಲವು ಊರುಗಳ ಮೇಲೆ ಪೈನ್ ಮರ ನೆಟ್ಟರು. ಇಲ್ಲೊಂದು ಊರಿತ್ತು ಅಂತ ತೋರಿಸಲು ಅಲ್ಲಿ ಒಂದು ಗೋಡೆಯೂ ಇಲ್ಲ. ಲಿಫ್ತಾದಲ್ಲಿ 50ಕ್ಕೂ ಜಾಸ್ತಿ ಕಲ್ಲಿನ ಮನೆಗಳು ಇನ್ನೂ ನಿಂತಿವೆ. ದಪ್ಪ ಗೋಡೆ, ಕಮಾನಿನ ಕಿಟಕಿ, ಅಂಗಳದ ಪಕ್ಕ ಬಾದಾಮಿ, ಅಂಜೂರ, ಬೇಲಿಯಂತೆ ಬೆಳೆದ ಪಾಪಾಸುಕಳ್ಳಿ. ಊರ ನಡುವಿನ ಊಟೆ ಬತ್ತಿಲ್ಲ.

ಈ ಊರಿನ ಜಾಗದಲ್ಲಿ 212 ಐಷಾರಾಮಿ ಮನೆಗಳನ್ನು ಕಟ್ಟುವ ಯೋಜನೆಗೆ 2006ರಲ್ಲಿ ಒಪ್ಪಿಗೆ ಸಿಕ್ಕಿತು. ಲಿಫ್ತಾದವರೂ ಹಲವು ಇಸ್ರೇಲಿಗಳೂ ಸೇರಿ ಕೋರ್ಟಿಗೆ ಹೋದರು. 2012ರಲ್ಲಿ ಟೆಂಡರ್ ರದ್ದಾಯಿತು. 2021ರಲ್ಲಿ ಮತ್ತೆ ಮಾರಲು ಹೊರಟರು. ಆದ್ದರಿಂದ ನನ್ನ ಮಾತು ಇಷ್ಟೇ: ಮುಟ್ಟಬೇಡಿ. ಈ ಗೋಡೆಗಳು ಸಾಕ್ಷಿ. ಸಾಕ್ಷಿಗೆ ಹೊಸ ಬಣ್ಣ ಬಳಿಯುವುದು ತಪ್ಪಲ್ವಾ?

ವಿರೋಧ

ವಿಲ್ಲಾ ಬೇಡ ಅನ್ನುವುದು ನನ್ನದೂ ಮಾತು. ಆದರೆ 'ಹಾಗೇ ಬಿಡಿ' ಅನ್ನುವುದನ್ನು ಒಪ್ಪಲಾರೆ.

ಆ ಮನೆಗಳ ಸೂರನ್ನು ಒಮ್ಮೆ ನೋಡಿ. ಹಲವು ಮನೆಗಳ ಚಾವಣಿಯ ನಡುವೆ ದೊಡ್ಡ ತೂತು. ಅದು ಹಳೆಯದಾಗಿ ಕುಸಿದದ್ದಲ್ಲ. ಯಾರೂ ಬಂದು ಇರಬಾರದು ಅಂತ ಬೇಕೆಂದೇ ಒಡೆದದ್ದು. ಪ್ರತಿ ಚಳಿಗಾಲದಲ್ಲೂ ಮಳೆ ನೇರ ನಡುಮನೆಗೇ ಸುರಿಯುತ್ತದೆ. ಗಾರೆ ಕರಗುತ್ತದೆ, ಸಂದಿಯಲ್ಲಿ ಅಂಜೂರದ ಬೇರು ಇಳಿಯುತ್ತದೆ, ಒಂದು ದಿನ ಕಮಾನು ಕಳಚಿ ಬೀಳುತ್ತದೆ. ಒಲೆ ಹೊತ್ತದ ಮನೆ ಎಷ್ಟು ದಿನ ನಿಂತೀತು? ನೀವು ಹೇಳುವ ಸಾಕ್ಷಿ ನಿಮ್ಮ ಕಣ್ಣೆದುರೇ ಸಾಯುತ್ತಿದೆ.

ಇನ್ನೊಂದು ಮಾತು. ಲಿಫ್ತಾ ಇಸ್ರೇಲ್ 2015ರಲ್ಲಿ ಯುನೆಸ್ಕೋಗೆ ಕೊಟ್ಟ, ಮುಂದೆ ವಿಶ್ವ ಪರಂಪರೆಯ ತಾಣವಾಗಬಹುದಾದ ಜಾಗಗಳ ತಾತ್ಕಾಲಿಕ ಪಟ್ಟಿಯಲ್ಲೂ ಇದೆ, ಬೈಬಲಿನ ಮೇ ನಫ್ತೋಹ ಅನ್ನುವ ಹೆಸರಿನ ಜೊತೆಗೆ. ಕಲ್ಲಿಗೆ ಗೌರವ ಸಿಕ್ಕಿತು. ಕಲ್ಲು ಹೊತ್ತು ಕಟ್ಟಿದವರಿಗೆ? ಅವರಲ್ಲಿ ಎಷ್ಟೋ ಮಂದಿ ಪೂರ್ವ ಜೆರುಸಲೇಮಿನಲ್ಲೇ, ಕೆಲವೇ ಕಿಲೋಮೀಟರ್ ದೂರದಲ್ಲಿದ್ದಾರೆ. ಆದರೂ ಇಸ್ರೇಲಿನ 1950ರ ಕಾನೂನಿನ ಪ್ರಕಾರ ಅವರು 'ಗೈರುಹಾಜರು', ಅಂದರೆ ಬಿಟ್ಟುಬಂದ ಆಸ್ತಿಯ ಮೇಲೆ ಹಕ್ಕಿಲ್ಲದವರು. ತಮ್ಮದೇ ಊರಿಗೆ ಬಂದು, ಊಟೆಯ ಕೊಳದಲ್ಲಿ ಈಜುವವರನ್ನು ನೋಡಿ, ಸಂಜೆಗೆ ವಾಪಸ್ ಹೋಗುತ್ತಾರೆ. ಹಾಳೂರನ್ನು ಚೆಂದದ ಹಾಳೂರಾಗಿಯೇ ಇಟ್ಟರೆ ಲಾಭ ಯಾರಿಗೆ? ಅವರಿಗಂತೂ ಅಲ್ಲ.

ಮನೆ ರಿಪೇರಿಯಾಗಲಿ, ಮನೆಯವರ ಕೈಗೇ ಕೊಡಲಿ. ಯಾರ ಮನೆ ಯಾವುದು ಅಂತ ಬೆರಳಿಟ್ಟು ತೋರಿಸುವ ಹಿರಿಯರು ಇನ್ನೂ ಇದ್ದಾರೆ. ಊರು ಬಿಟ್ಟಾಗ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ.