ಹಳದಿ ಅಂಗಿ, ತರಚಿದ ಮೊಣಕೈ

"ರೀ, ಎರಡು ಗಂಟೆಯಿಂದ ಇವರು ಹೋಗ್ತಾನೇ ಇದ್ದಾರಲ್ಲ, ಎಲ್ಲಿಗೆ?" ಎಂದಳು ಹೆಂಡತಿ.

ಟಿವಿಯಲ್ಲಿ ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ಬರುತ್ತಿತ್ತು. ಮೂರು ವಾರ, 21 ಹಂತ, ಸುಮಾರು 3,400 ಕಿಲೋಮೀಟರ್ ಎಂದು ಉತ್ಸಾಹದಿಂದ ವಿವರಿಸಿದೆ. ಅವಳು ಕೇಳಿದ್ದು ಅದಲ್ಲ ಎಂದು ಮುಖ ನೋಡಿದ ಮೇಲೆ ಗೊತ್ತಾಯಿತು.

"ಆ ಹಳದಿ ಅಂಗಿಯವನು ಯಾರು?"

"ಅವನೇ ಮೊದಲನೆಯವನು."

"ಮಧ್ಯದಲ್ಲಿ ಸಿಕ್ಕಿಹಾಕಿಕೊಂಡಿದ್ದಾನಲ್ಲ?"

"ಇವತ್ತು ಮುಂದೆ ಹೋಗ್ತಿರೋರು ಲೆಕ್ಕಕ್ಕಿಲ್ಲ. ಒಟ್ಟು ಸಮಯದಲ್ಲಿ ಅವರು ಇವನಿಗಿಂತ ತುಂಬಾ ಹಿಂದೆ."

"ಅಂದ್ರೆ ಮುಂದಿರೋರು ಹಿಂದೆ. ಹಿಂದಿರೋನು ಮುಂದೆ."

"ಹೂಂ."

"ಕೆಂಪು ಚುಕ್ಕಿ ಅಂಗಿ ಹಾಕಿರೋನು?"

"ಅವನು ಬೆಟ್ಟ ಹತ್ತೋದರಲ್ಲಿ ಮೊದಲು."

"ಬೆಟ್ಟ ಎಲ್ಲಿ?"

"ನಾಳೆ ಬರುತ್ತೆ."

ಅವಳು ಎದ್ದು ಒಳಗೆ ಹೋದಳು. ಪಾಪ, ಇಷ್ಟು ಹೊತ್ತು ಕೂತಿದ್ದೇ ದೊಡ್ಡದು.

ನಾನು ಇದನ್ನೆಲ್ಲ ಸುಮ್ನೆ ಮಜಕ್ಕೆ ನೋಡುವುದಲ್ಲ. ಶನಿವಾರ ಟಿವಿಯಲ್ಲಿ ಕಂಡ ತಂತ್ರವನ್ನು ಭಾನುವಾರ ಬೆಳಗ್ಗೆ ರಸ್ತೆಗೆ ಇಳಿಸಬೇಕು. ನಮ್ಮದು ಮೂವರ ತಂಡ. ಒಬ್ಬನನ್ನು ನಾವು 'ಮೀಟರ್' ಎನ್ನುತ್ತೇವೆ. ಎದೆಬಡಿತ, ವೇಗ, ಏರಿನ ಶೇಕಡಾವಾರು ಎಲ್ಲವನ್ನೂ ಕೈಗಡಿಯಾರ ನೋಡಿ ಒದರುತ್ತಿರುತ್ತಾನೆ. ಎದುರಿಗೆ ಏನು ಬರುತ್ತಿದೆ ಎಂಬುದೊಂದನ್ನು ಬಿಟ್ಟು ಬೇರೆಲ್ಲ ಅವನಿಗೆ ಗೊತ್ತು. ಇನ್ನೊಬ್ಬ 'ಗೋಡೆ'. ಆರಡಿ ಎತ್ತರ, ಅದಕ್ಕೆ ತಕ್ಕ ಅಗಲ.

ಗೋಡೆ ನಮ್ಮ ತಂಡದ ಆಸ್ತಿ. ಮುಂದಿನವನ ಚಕ್ರಕ್ಕೆ ಅಂಟಿಕೊಂಡು ಹೋದರೆ ಗಾಳಿಯ ಹೊಡೆತ ತಪ್ಪುತ್ತದೆ, ಶ್ರಮದಲ್ಲಿ ಕಾಲು ಭಾಗವಾದರೂ ಉಳಿಯುತ್ತದೆ. ವೃತ್ತಿಪರ ತಂಡಗಳಲ್ಲಿ ನಾಯಕನನ್ನು ಹೀಗೆ ಕಾಪಾಡುವುದಕ್ಕೇ ಸಂಬಳದ ಸವಾರರು ಇರುತ್ತಾರೆ. ನೀರಿನ ಬಾಟಲಿ ತಂದುಕೊಡುವುದೂ ಅವರೇ. ನಮ್ಮ ಗೋಡೆಗೆ ಸಂಬಳ ಇಲ್ಲ. ಅವನ ಹಿಂದೆ ಹೋದರೆ ಗಾಳಿ ಇದೆ ಎಂದೇ ಅನ್ನಿಸುವುದಿಲ್ಲ. ರಸ್ತೆ ಇದೆ ಎಂದೂ ಅನ್ನಿಸುವುದಿಲ್ಲ, ಕಂಡರೆ ತಾನೇ?

ಅದಕ್ಕೇ ಮುಂದಿರುವವನು ಗುಂಡಿ ಕಂಡ ತಕ್ಷಣ ಕೈ ತೋರಿಸಬೇಕು ಎಂದು ಒಪ್ಪಂದ. ಗೋಡೆ ಮಾತ್ರ ಗುಂಡಿ ದಾಟಿದ ಮೇಲೆ "ಅಯ್ಯೋ" ಅನ್ನುತ್ತಾನೆ. ಕಳೆದ ಭಾನುವಾರವೂ ಅಂದ. ಅಷ್ಟರಲ್ಲಿ ನನ್ನ ಮುಂದಿನ ಚಕ್ರ ಗುಂಡಿಗೆ ಇಳಿದು, ಟುಸ್ ಎಂದಿತು.

ಪಂಕ್ಚರ್ ಹೊಸದಲ್ಲ. ನನ್ನ ಹತ್ತಿರ ಬೇರೆ ಟ್ಯೂಬ್ ಇರಲಿಲ್ಲ, ಅದೂ ಹೊಸದಲ್ಲ. ಗೋಡೆ ಉದಾರವಾಗಿ ತನ್ನದು ಕೊಟ್ಟ. ಆದರೆ ನಾನು ಗಾಳಿ ಸೀಳುತ್ತದೆ ಎಂದು ಎತ್ತರದ ರಿಮ್ ಹಾಕಿಸಿಕೊಂಡಿದ್ದೆ. ಅವನ ಟ್ಯೂಬಿನ ವಾಲ್ವ್ ಗಿಡ್ಡ. ಅದರ ಮೂತಿ ರಿಮ್ಮಿನೊಳಗೇ ಉಳಿಯಿತು, ಪಂಪಿಗೆ ಸಿಗಲೇ ಇಲ್ಲ. ಅಲ್ಲಿಯವರೆಗೆ ಸೀಳಿದ ಗಾಳಿಯನ್ನೆಲ್ಲ ವಾಪಸ್ ಕೊಟ್ಟು ಒಂದು ಹಿಡಿ ಗಾಳಿ ಒಳಗೆ ತುಂಬಿಸಿಕೊಳ್ಳೋಣ ಅನ್ನಿಸಿತು. ಕೊನೆಗೆ ರಸ್ತೆ ಬದಿ ಕೂತು ಹಳೆ ಟ್ಯೂಬಿಗೇ ಪ್ಯಾಚ್ ಹಾಕಿದೆ. ಮಿಕ್ಕ ಇಬ್ಬರೂ ನಿಂತು ಸಲಹೆ ಕೊಟ್ಟರು.

"1913ರಲ್ಲಿ ಇದಕ್ಕಿಂತ ಕಷ್ಟ ಇತ್ತು" ಎಂದು ನಾನೇ ಸಮಾಧಾನ ಮಾಡಿಕೊಂಡೆ. ಆ ವರ್ಷದ ಟೂರ್‌ನಲ್ಲಿ ಯೂಜೆನ್ ಕ್ರಿಸ್ತೋಫ್ ಎಂಬ ಸವಾರ ಟೂರ್‌ಮಲೆ ಬೆಟ್ಟ ಇಳಿಯುವಾಗ ಅವನ ಸೈಕಲ್ಲಿನ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದಿರುವ ಕವಲು, ಮುರಿಯಿತು. ಬೇರೆಯವರ ಸಹಾಯ ಪಡೆಯುವಂತಿಲ್ಲ ಎಂಬುದು ಆಗಿನ ನಿಯಮ. ಸೈಕಲ್ ಹೊತ್ತುಕೊಂಡು ಹತ್ತು ಕಿಲೋಮೀಟರಿಗೂ ಜಾಸ್ತಿ ನಡೆದು, ಒಂದು ಹಳ್ಳಿಯ ಕುಲುಮೆ ಹುಡುಕಿ, ತಾನೇ ಕಬ್ಬಿಣ ಕಾಯಿಸಿ ಬೆಸೆದ. ಅಧಿಕಾರಿಗಳು ಪಕ್ಕದಲ್ಲೇ ನಿಂತು ಕಾಯುತ್ತಿದ್ದರು. ಎರಡೂ ಕೈಯಲ್ಲಿ ಕೆಲಸ ಇದ್ದಾಗ ಒಬ್ಬ ಹುಡುಗ ತಿದಿ ಒತ್ತಿದ. ಅದಕ್ಕೆ ಕ್ರಿಸ್ತೋಫನಿಗೆ ಸಮಯದ ದಂಡ ಬಿತ್ತು!

"ಗೊತ್ತಾಯ್ತಲ್ಲ, ಅದಕ್ಕೇ ನಾವು ಸಹಾಯ ಮಾಡ್ತಿಲ್ಲ" ಎಂದ ಮೀಟರ್.

ಆಮೇಲೆ ಏರು ಬಂತು. ಈ ಭಾಗ ಬೇಗ ಮುಗಿಸುತ್ತೇನೆ, ರಸ್ತೆ ಮೇಲಂತೂ ಮುಗಿಯಲಿಲ್ಲ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ರೇಸ್ ಸೈಕಲ್ 6.8 ಕಿಲೋಗಿಂತ ಹಗುರ ಇರುವಂತಿಲ್ಲ. ನಾನು ಆ ಅಂಕಿಯ ಹತ್ತಿರ ಹೋಗಬೇಕೆಂದು ಬಾಟಲಿ ಸಿಕ್ಕಿಸುವ ಕಂಬಿಯನ್ನೂ ಬದಲಾಯಿಸಿ ಮೂವತ್ತು ಗ್ರಾಂ ಉಳಿಸಿದವನು. ಸೀಟಿನ ಮೇಲೆ ಕೂರುವ ಸಾಮಾನಿನ ವಿಷಯ ಮಾತ್ರ ಯಾರೂ ಎತ್ತಬಾರದು. ಅರ್ಧ ಏರಿಗೆ ಇಳಿದು ತಳ್ಳತೊಡಗಿದೆ. 2016ರಲ್ಲಿ ಮಾಂಟ್ ವೆಂಟೂ ಬೆಟ್ಟದಲ್ಲಿ ಜನಸಂದಣಿಗೆ ನಿಂತ ಮೋಟರ್‌ಸೈಕಲ್ಲಿನಿಂದ ಅಪಘಾತವಾಗಿ, ಸೈಕಲ್ ಹಾಳಾಗಿ, ಹಳದಿ ಅಂಗಿಯ ಕ್ರಿಸ್ ಫ್ರೂಮ್ ಕೂಡ ಕಾಲ್ನಡಿಗೆಯಲ್ಲೇ ಹತ್ತಿದ್ದ ಎಂದು ಏದುಸಿರಿನಲ್ಲಿ ನೆನಪಿಸಿದೆ.

"ಅವನು ಓಡಿದ" ಎಂದ ಗೋಡೆ. "ಅದೂ ಸೈಕಲ್ ಇರಲಿಲ್ಲ ಅಂತ."

ಈ ಮಾತು ಚುಚ್ಚಿತು. ಸೇಡಿಗೆ ಒಂದೇ ದಾರಿ, ಕೊನೆಯ ಓಟ. ಇಳಿಜಾರು ಮುಗಿದು ರಸ್ತೆ ನೇರವಾಗುವ ಕಡೆ ವೇಗಮಿತಿಯ ಫಲಕವೊಂದಿದೆ. ಅದೇ ನಮ್ಮ ಗೆಲುವಿನ ಗೆರೆ. ನಾವು ಆ ಮಿತಿಯನ್ನು ಇವತ್ತಿನವರೆಗೆ ಒಮ್ಮೆಯೂ ಮೀರಿಲ್ಲ. ನಾನು ತಂತ್ರದಂತೆ ಗೋಡೆಯ ಹಿಂದೆ ಅಡಗಿ ಕೂತೆ. ಮೀಟರ್ ಗಡಿಯಾರ ನೋಡಿಕೊಳ್ಳುತ್ತಿದ್ದ. ಇನ್ನೂರು ಮೀಟರ್ ಇರುವಾಗ ಪಕ್ಕಕ್ಕೆ ಸರಿದು, ಎದ್ದು ನಿಂತು ತುಳಿದೆ. ಗೋಡೆ ಹಿಂದೆ ಬಿದ್ದ! ತಲೆಯೊಳಗೆ ಕಾಮೆಂಟರಿ ಶುರುವಾಯಿತು. ಫಲಕ ಹತ್ತಿರ ಬಂತು. ಎರಡೂ ಕೈ ಎತ್ತಿದೆ.

ಎಡಗಡೆಯಿಂದ ಗೋಡೆ ಬಂದ. ಬಂದ, ಹೋದ.

ಜಗಳವಾಡಬೇಕಲ್ಲ? ಬ್ರೇಕ್ ಹಾಕಿ ನಿಲ್ಲಿಸಿದೆ. ಇಲ್ಲೊಂದು ಸಣ್ಣ ವಿಷಯ ಹೇಳಬೇಕು. ನಮ್ಮ ಶೂ ಪೆಡಲ್ಲಿಗೆ ಕ್ಲಿಪ್ ಆಗಿರುತ್ತದೆ. ಈ ವ್ಯವಸ್ಥೆಗೆ ಕ್ಲಿಪ್‌ಲೆಸ್ ಎಂದು ಹೆಸರಿಟ್ಟವನು ಸಿಕ್ಕರೆ ನಾಲ್ಕು ಮಾತಾಡಬೇಕು. ನಿಲ್ಲುವ ಮೊದಲೇ ಹಿಮ್ಮಡಿಯನ್ನು ಹೊರಗೆ ತಿರುಗಿಸಿ ಬಿಡಿಸಿಕೊಳ್ಳಬೇಕು. ನಾನು ನಿಂತೆ, "ಇದು ಮೋಸ" ಎಂದೆ, ನಿಧಾನವಾಗಿ ಬಲಕ್ಕೆ ವಾಲಿದೆ. ಈ ಥರ ಬೀಳುವಾಗ ಯೋಚಿಸಲು ಬೇಕಾದಷ್ಟು ಸಮಯ ಇರುತ್ತದೆ, ಮಾಡುವುದಕ್ಕೆ ಏನೂ ಇರುವುದಿಲ್ಲ. ಸೊನ್ನೆ ವೇಗದಲ್ಲಿ, ಸೈಕಲ್ಲಿನ ಸಮೇತ, ಮಲಗಿದೆ.

"ಗೆರೆ ದಾಟಲು ನಾಲ್ಕು ಮೀಟರ್ ಬಾಕಿ" ಎಂದ ಮೀಟರ್.

ಮನೆಗೆ ಬಂದು ಮೊಣಕೈಗೆ ಔಷಧಿ ಹಚ್ಚಿಸಿಕೊಳ್ಳುತ್ತಾ ಹೆಂಡತಿಗೆ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದೆ. 2020ರ ಲಿಯೇಜ್–ಬಾಸ್ತೋನ್–ಲಿಯೇಜ್ ರೇಸ್. ಆಗಷ್ಟೇ ವಿಶ್ವ ಚಾಂಪಿಯನ್ ಆಗಿದ್ದ ಜೂಲಿಯನ್ ಅಲಾಫಿಲಿಪ್ ಗೆದ್ದೇಬಿಟ್ಟೆ ಎಂದು ಗೆರೆಗೆ ಮೊದಲೇ ಕೈ ಎತ್ತುತ್ತಾನೆ. ಪಕ್ಕದಿಂದ ರೊಗ್ಲಿಚ್ ಎಂಬ ಇನ್ನೊಬ್ಬ ಸವಾರ ಚಕ್ರ ಮುಂದಕ್ಕೆ ತಳ್ಳಿ ಗೆದ್ದುಕೊಳ್ಳುತ್ತಾನೆ. "ನೋಡು, ಎಂಥೆಂಥವರಿಗೂ ಆಗುತ್ತೆ" ಎಂದೆ.

ಅವಳು ಹತ್ತಿ ಕೆಳಗಿಟ್ಟು ವಿಡಿಯೋವನ್ನು ಎರಡನೇ ಸಲ ಪೂರ್ತಿ ನೋಡಿದಳು. ಸೈಕಲ್ ರೇಸನ್ನು ಅವಳು ಇಷ್ಟು ಗಮನವಿಟ್ಟು ನೋಡಿದ್ದು ಇದೇ ಮೊದಲು.

"ಇವನು ಬೀಳಲಿಲ್ಲ, ಅಲ್ವಾ?" ಎಂದಳು.