ಎರಡೂ ಎಡದ ತೋಳು

ಕಾಲಿಗೆ ಗುಂಡುಸೂಜಿ ಚುಚ್ಚಿದೆ. ಸೂಜಿ ಕಿತ್ತಾಯಿತು, ಕೋಪ ಮಾತ್ರ ಇನ್ನೂ ಒಳಗೇ ಇದೆ. ನಮ್ಮ ಪಿಜಿ ರೂಮಿನಲ್ಲಿ ಮೂವರಿದ್ದೇವೆ. ಇಬ್ಬರು ಫ್ಯಾಷನ್ ಡಿಸೈನ್, ಒಬ್ಬಳು ಸಿಎ. ಪಾಪದ ಫಲ ಯಾವಾಗಲೂ ಸಿಎ ಹುಡುಗಿಗೇ ಹೋಗುತ್ತದೆ. ಅವಳ ದಿಂಬಿನಲ್ಲಿ, ಚಪ್ಪಲಿಯಲ್ಲಿ, ಒಮ್ಮೆ ಅವಳ ತಲೆಗೂದಲಲ್ಲೂ ನಮ್ಮ ಸೂಜಿ ಸಿಕ್ಕಿದೆ. ಇವತ್ತು ಭಾನುವಾರ ರಾತ್ರಿ ಅದು ನನಗೇ ಚುಚ್ಚಿದಾಗ ಅವಳು ಪುಸ್ತಕದಿಂದ ತಲೆ ಎತ್ತದೆ, "ಇನ್‌ಸ್ಪಿರೇಷನ್ ಬಂತಾ?" ಅಂದಳು.

ಆ ಒಂದು ಪದ ಬಿಟ್ಟು ಬೇರೆ ಏನಂದಿದ್ದರೂ ಸಹಿಸುತ್ತಿದ್ದೆ.

ಫ್ಯಾಷನ್ ಕಾಲೇಜು ಅಂದರೆ ಊರಲ್ಲಿ ಎರಡು ಕಲ್ಪನೆ ಇವೆ. ಒಂದು, ನಾವು ದಿನಾ ರ‍್ಯಾಂಪ್ ಮೇಲೆ ನಡೆಯುತ್ತೇವೆ. ಇನ್ನೊಂದು, ಹೊಲಿಗೆ ಕಲಿಯುತ್ತೇವೆ. ತಿಪಟೂರಿನಲ್ಲಿರುವ ನಮ್ಮಮ್ಮ ಎರಡನೇ ಪಕ್ಷ. ಮೂರನೇ ವರ್ಷ ನಡೆಯುತ್ತಿದೆ, ಇವಳು ಇನ್ನೂ ನನಗೊಂದು ಬ್ಲೌಸ್ ಹೊಲಿದುಕೊಟ್ಟಿಲ್ಲ ಅನ್ನುವುದು ಅಮ್ಮನ ಶಾಶ್ವತ ದೂರು. ಪೋರ್ಟ್‌ಫೋಲಿಯೋ ತೋರಿಸಿದರೆ ಪುಟ ತಿರುವಿ ನೋಡಿ, "ಚೆನ್ನಾಗಿದೆ ಕಣೇ, ಆದ್ರೆ ಇವರಿಗೆಲ್ಲ ಯಾಕೆ ಕಾಲು ಇಷ್ಟುದ್ದ?" ಅಂತಾರೆ. ನಿಜವಾದ ಮನುಷ್ಯನ ಎತ್ತರ ಅವನದೇ ತಲೆಯ ಏಳೂವರೆ ಪಟ್ಟು. ಫ್ಯಾಷನ್ ಚಿತ್ರದಲ್ಲಿ ಅದು ಒಂಬತ್ತು, ಕೆಲವರ ಕೈಯಲ್ಲಿ ಹತ್ತು. ಹೆಚ್ಚಿದ್ದೆಲ್ಲ ಕಾಲಿಗೇ ಹೋಗುತ್ತದೆ. ನಮ್ಮ ವಂಶದಲ್ಲಿ ಯಾರೂ ಏಳು ದಾಟಿದ ದಾಖಲೆ ಇಲ್ಲ, ಹಾಗಾಗಿ ಅಮ್ಮನ ಅನುಮಾನ ಸಹಜ.

ನಮ್ಮ ಕಾಲೇಜಿನಲ್ಲಿ ಬಟ್ಟೆಗಿಂತ ಮೊದಲು ಇನ್‌ಸ್ಪಿರೇಷನ್ ಬೇಕು. ಅದನ್ನು ಒಂದು ಬೋರ್ಡಿಗೆ ಅಂಟಿಸಬೇಕು. ಎಲ್ಲಿಗೆ ಹೋದೆ, ಏನು ನೋಡಿದೆ, ಯಾವ ಚಿತ್ರ, ಯಾವ ಕಟ್ಟಡ, ಯಾವ ಬಣ್ಣ, ಎಲ್ಲ. ಅಂಟಿಸಿದ್ದನ್ನು ನಮ್ಮ ಮ್ಯಾಮ್ ನೋಡುತ್ತಾರೆ. ಆ ನೋಟವನ್ನು ವಿವರಿಸಲೇಬೇಕು. ಮೊದಲು ಕನ್ನಡಕ ಹಣೆಯ ಮೇಲಕ್ಕೆ ಹೋಗುತ್ತದೆ. ಆಮೇಲೆ ತಲೆ ನಿಧಾನಕ್ಕೆ ಎಡಕ್ಕೆ ವಾಲುತ್ತದೆ. ವಾಲುತ್ತಲೇ ಇರುತ್ತದೆ. ಹಿಂದೆ ನಿಂತ ನಮ್ಮ ತಲೆಗಳೂ ಗೊತ್ತಿಲ್ಲದೆ ವಾಲುತ್ತವೆ. ಕೊನೆಗೆ ಒಂದು ಉಸಿರು, ಒಂದು "ಹ್ಮ್...", ಆಮೇಲೆ ತೀರ್ಪು: "ಲಿಟರಲ್."

ಅಂದರೆ ನೋಡಿದ್ದನ್ನು ನೋಡಿದ ಹಾಗೇ ಮಾಡಿದ್ದೀಯ ಅಂತ. ಎರಡನೇ ವರ್ಷ ನಾನು ಅಡಿಕೆ ಎಲೆ, ತೆಂಗಿನ ಗರಿ ಅಂತ ಊರಿನದೇ ಒಂದು ಪ್ರಿಂಟ್ ಮಾಡಿದ್ದೆ. ಲಿಟರಲ್. ಗರಿ ತೆಗೆದು ನರ ಮಾತ್ರ ಉಳಿಸಿಕೊಂಡು ಹೋದೆ. ಇನ್ನೂ ಲಿಟರಲ್. ನರವನ್ನೂ ಮುರಿದು ಅಲ್ಲೊಂದು ಇಲ್ಲೊಂದು ಗೆರೆ ಬಿಟ್ಟೆ. "ಪರವಾಗಿಲ್ಲ, ಆದರೆ..." ಅಂದರು. ಸಿಟ್ಟು ಬಂದು ಏನೂ ಪ್ರಿಂಟ್ ಮಾಡದ ಬಿಳಿ ಬಟ್ಟೆಯನ್ನೇ ಮುಂದಿಟ್ಟೆ. ತಲೆ ಎಡಕ್ಕೆ ವಾಲಿತು, ನಿಂತಿತು, ನೆಟ್ಟಗಾಯಿತು. "ಈಗ ಏನೋ ಬರ್ತಾ ಇದೆ," ಅಂದರು.

ಇದೇ ಮ್ಯಾಮ್ ಪಾಠದಲ್ಲಿ ಉದಾಹರಣೆ ಕೊಡುವುದು ಯಾವುದನ್ನು? 1965ರಲ್ಲಿ ಫ್ರೆಂಚ್ ಡಿಸೈನರ್ ಈವ್ ಸೇಂಟ್ ಲಾರೆಂಟ್ ಮಾಡಿದ ಮೋಂಡ್ರಿಯಾನ್ ಉಡುಪನ್ನು. ಮೋಂಡ್ರಿಯಾನ್ ಅನ್ನುವ ಚಿತ್ರಕಾರ ಕಪ್ಪು ಗೆರೆ ಎಳೆದು ಕೆಂಪು, ಹಳದಿ, ನೀಲಿ ಚೌಕ ತುಂಬಿಸಿದ. ಸೇಂಟ್ ಲಾರೆಂಟ್ ಅದನ್ನೇ ಎತ್ತಿ ಉಡುಪು ಮಾಡಿದ. ಇದಕ್ಕಿಂತ ಲಿಟರಲ್ ಇನ್ನೇನು ಬೇಕು? ನಮ್ಮಮ್ಮ ಆ ಫೋಟೋ ನೋಡಿ ಯಾರ ಮನೆ ಬಾತ್‌ರೂಮ್ ಟೈಲ್ಸ್ ಅಂತ ಕೇಳಿದ್ದರು. ಆದರೂ ಹೇಳಬೇಕಾದ್ದು ಹೇಳಬೇಕು: ಅದು ಬಟ್ಟೆಯ ಮೇಲೆ ಅಚ್ಚು ಹಾಕಿದ್ದಲ್ಲ. ಒಂದೊಂದು ಚೌಕವನ್ನೂ, ಗೆರೆಯನ್ನೂ ಬೇರೆ ಬೇರೆ ಉಣ್ಣೆಯ ಜರ್ಸಿಯಲ್ಲಿ ಕತ್ತರಿಸಿ ಸೇರಿಸಿದ್ದು. ಮೈಗೆ ತಕ್ಕ ಆಕಾರ ಕೊಡುವ ಹೊಲಿಗೆಗಳೆಲ್ಲ ಆ ಜೋಡಣೆಯೊಳಗೇ ಅಡಗಿವೆ. ಅದನ್ನು ಮೊದಲ ಸಲ ತಿಳಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ನನ್ನ ಹೊಲಿಗೆಗಳು ಅಡಗುವುದಿಲ್ಲ, ರಸ್ತೆಯ ಆ ಕಡೆಯಿಂದಲೇ ಕೈ ಬೀಸುತ್ತವೆ.

ಈ ಸೆಮಿಸ್ಟರ್‌ಗೆ ನಮ್ಮನ್ನು ಬೇಲೂರಿಗೆ ಕರೆದುಕೊಂಡು ಹೋದರು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಸ್ಥಾನದಿಂದ ಉಡುಪಿನ ಇತಿಹಾಸ ಕಲಿಯಿರಿ ಅಂತ ಆದೇಶ. ಹೋಗಿ ನೋಡಿದರೆ ಶಿಲಾಬಾಲಿಕೆಯರ ಮೈಮೇಲೆ ಒಡವೆ ಎಷ್ಟು ಬೇಕೋ ಅಷ್ಟಿದೆ. ತೋಳಬಂದಿ, ಹಾರ, ಡಾಬು, ಗೆಜ್ಜೆ, ಒಂದೂ ಬಿಟ್ಟಿಲ್ಲ. ಬಟ್ಟೆ ಮಾತ್ರ ಹುಡುಕಬೇಕು. ಜ್ಯುವೆಲರಿ ಡಿಸೈನ್ ತರಗತಿಯವರು ಹೋಗಬೇಕಾದ ಬಸ್ಸಿಗೆ ನಾವು ಹತ್ತಿದ್ದೆವು. ಹೊರಗೆ ಸುತ್ತಲೂ ಇರುವ ಶಿಲಾಬಾಲಿಕೆಯರು 38, ನಾವು 40 ಜನ. ತಲೆಗೊಬ್ಬಳಂತೆ ಹಂಚಿ ಉಳಿದ ಇಬ್ಬರನ್ನು ಒಳಗಿನ ಕತ್ತಲೆಗೆ ಕಳಿಸಿದರು. ನನ್ನ ಪಾಲಿಗೆ ಬಂದಿದ್ದು ಕೋತಿಯವಳು. ಒಂದು ಕೋತಿ ಅವಳ ಬಟ್ಟೆ ಹಿಡಿದು ಎಳೆಯುತ್ತಿದೆ. ಇಡೀ ದೇವಸ್ಥಾನದಲ್ಲಿ ಬಟ್ಟೆಯ ಬಗ್ಗೆ ನನ್ನಷ್ಟೇ ತಲೆಕೆಡಿಸಿಕೊಂಡಿದ್ದು ಅದೊಂದೇ.

ಮೂರು ಗಂಟೆ ಕತ್ತು ಮೇಲೆತ್ತಿ ಬರೆದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದಂತೆ, ಗಾಳಿಗೆ ಬಿಟ್ಟಷ್ಟೂ ಗಟ್ಟಿಯಾಗುತ್ತದಂತೆ. ಅದಕ್ಕೇ ಅಷ್ಟು ಸಣ್ಣ ಕೆತ್ತನೆ ಸಾಧ್ಯವಾಯಿತು ಅಂತ ಗೈಡ್ ಹೇಳಿದರು. ಕೆಲವು ವಿಗ್ರಹಗಳ ಬುಡದಲ್ಲಿ ಕೆತ್ತಿದವರ ಹೆಸರೂ ಇದೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಊರು, ತಂದೆ ಹೆಸರು, ಕೆಲವರದು ಬಿರುದು ಸಮೇತ, ಆಧಾರ್ ಕಾರ್ಡಿನ ಹಾಗೆ. ಇನ್‌ಸ್ಪಿರೇಷನ್ ಏನು ಅಂತ ಒಬ್ಬನೂ ಬರೆದಿಲ್ಲ. ಮಧ್ಯಾಹ್ನದ ಬಿಸಿಲು ಇಳಿಯುವಾಗ ಆ ಕೋತಿ ಹುಡುಗಿಯ ಸೊಂಟದ ಬಳಿ ನೆರಳು ಬಿದ್ದು, ಕಲ್ಲಿನ ಮಡಿಕೆ ಒಂದು ಗಳಿಗೆ ನಿಜವಾದ ಬಟ್ಟೆಯ ಹಾಗೇ ಕಂಡಿತು. ಪೆನ್ಸಿಲ್ ಕೆಳಗಿಟ್ಟು ಸುಮ್ಮನೆ ನೋಡಿದೆ. ಅದನ್ನು ಬೋರ್ಡಿಗೆ ಅಂಟಿಸುವುದು ಹೇಗೆ ಅಂತ ಇವತ್ತಿಗೂ ಗೊತ್ತಾಗಿಲ್ಲ.

ವಾಪಸ್ ಬರುವಾಗ ಹಾಸನದ ದಾರಿಯಲ್ಲಿ ಟೀಗೆ ಬಸ್ ನಿಲ್ಲಿಸಿದರು. ಸಣ್ಣ ಅಂಗಡಿ. ಅದರ ಶಟರ್ ಮೇಲೆ ಎಷ್ಟೋ ವರ್ಷಗಳ ಬಣ್ಣ ಪದರ ಪದರವಾಗಿ ಎದ್ದಿತ್ತು. ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ತುಕ್ಕು. ಒಬ್ಬಳು "ಅಯ್ಯೋ ಟೆಕ್ಸ್ಚರ್!" ಅಂತ ಕೂಗಿದಳು. ಅಷ್ಟೇ. ಒಂಬೈನೂರು ವರ್ಷದ ದೇವಸ್ಥಾನದ ಮುಂದೆ ಆಕಳಿಸುತ್ತಿದ್ದ ನಲವತ್ತು ಜನ ಫೋನು ಹಿಡಿದು ಆ ಶಟರ್‌ಗೆ ಮುಗಿಬಿದ್ದರು. ಒಬ್ಬ ನೆಲದಲ್ಲಿ ಮಲಗಿದ. ಒಬ್ಬಳು ಅಳತೆ ಗೊತ್ತಾಗಲಿ ಅಂತ ಟೇಪು ಹಿಡಿದಳು. ಮ್ಯಾಮ್ ಕನ್ನಡಕ ಹಣೆಗೇರಿಸಿ ತಲೆ ಎಡಕ್ಕೆ ವಾಲಿಸಿದರು.

ಅಂಗಡಿಯವರು ಟೀ ಸೋಸುವುದು ಬಿಟ್ಟು ಹೊರಗೆ ಬಂದರು. ಐವತ್ತು ದಾಟಿದ ಮನುಷ್ಯ, ಹೆಗಲ ಮೇಲೆ ಟವೆಲ್ಲು. ಟೇಪು ನೋಡಿ ಅವರ ಮುಖದ ಬಣ್ಣವೂ ಪದರ ಪದರವಾಗಿ ಇಳಿಯಿತು.

"ಮೇಡಂ, ಪಂಚಾಯ್ತಿಯಿಂದ ಬಂದ್ರಾ?"

"ಇಲ್ಲ ಅಂಕಲ್, ಕಾಲೇಜು. ನಿಮ್ಮ ಶಟರ್ ತುಂಬ ಚೆನ್ನಾಗಿದೆ," ಅಂದೆ.

ಆ ಮಾತನ್ನು ಅವರು ಕುಹಕ ಅಂತಲೇ ತಿಳಿದರು. "ಹೊಡಿಸ್ತೀನಿ ಮೇಡಂ, ಬಣ್ಣ ಹೊಡಿಸ್ತೀನಿ. ಹಬ್ಬಕ್ಕೆ ಹೊಡಿಸ್ಬೇಕು ಅಂತಾನೇ ಇದ್ದೆ. ಮಗಳ ಮದುವೆ ಖರ್ಚು ಬಂತು. ಅದನ್ನೆಲ್ಲ ಹಾಕ್ಬೇಡಿ," ಅಂತ ಟವೆಲ್ಲಿನಿಂದ ತುಕ್ಕು ಒರೆಸಲು ಶುರು ಮಾಡಿದರು. ಒರೆಸಿದಷ್ಟೂ ಚಕ್ಕೆ ಏಳುತ್ತಿತ್ತು. ಚಕ್ಕೆ ಎದ್ದಷ್ಟೂ ನಮ್ಮವರು "ವಾವ್" ಅನ್ನುತ್ತಿದ್ದರು. ವಾವ್ ಅಂದಷ್ಟೂ ಅವರು ಜೋರಾಗಿ ಒರೆಸುತ್ತಿದ್ದರು. ಹೊಡೆಸಬೇಡಿ, ಹೀಗೇ ಇರಲಿ ಅಂತ ನಾನು ಎಷ್ಟು ಬೇಡಿದರೂ ನಂಬಲಿಲ್ಲ. ಬಸ್ ಹೊರಟಾಗಲೂ ಕೈ ಮುಗಿದು "ಹೊಡಿಸ್ತೀನಿ" ಅನ್ನುತ್ತಲೇ ಇದ್ದರು.

ಇನ್ನು ಶುಕ್ರವಾರದ ಜ್ಯೂರಿ. ನಾನು ಎರಡು ಉಡುಪು ಇಟ್ಟಿದ್ದೆ. ಒಂದು, ಬೇಲೂರಿನ ಆ ಮಡಿಕೆಯನ್ನೇ ಹಿಡಿದು ಮೂರು ವಾರ ನಿದ್ದೆಗೆಟ್ಟು ಮಾಡಿದ ಲಂಗ. ಇನ್ನೊಂದು, ಗುಳೇದಗುಡ್ಡದ ಖಣದ ಜಾಕೆಟ್. ಬಾಗಲಕೋಟೆಯ ಗೆಳತಿ ರಜೆಯಿಂದ ತಂದುಕೊಟ್ಟ ಖಣ. ಕುಪ್ಪಸಕ್ಕೆಂದೇ ನೇಯುವ ಬಟ್ಟೆ, ಪನ್ನ ಚಿಕ್ಕದು, ಲೆಕ್ಕ ತಪ್ಪಿದರೆ ಮುಗಿಯಿತು. ರಾತ್ರಿ ಎರಡೂವರೆಗೆ ತೋಳು ಕತ್ತರಿಸುವಾಗ ಪ್ಯಾಟರ್ನ್ ಮಗುಚಿ ಹಾಕುವುದು ಮರೆತೆ. ಎರಡೂ ಎಡದ ತೋಳು! ಮತ್ತೆ ಕತ್ತರಿಸಲು ಖಣ ಇಲ್ಲ, ತರಿಸಲು ದಿನ ಇಲ್ಲ. ಎಡದ್ದನ್ನೇ ಬಲಕ್ಕೂ ಕೂರಿಸಿಬಿಟ್ಟೆ. ಜಾಕೆಟ್ ಡಮ್ಮಿಗೆ ಹಾಕಿದರೆ ಎಡದ ತೋಳು ಮುಂದಕ್ಕೆ, ಬಲದ ತೋಳು ಹಿಂದಕ್ಕೆ. ಬಿಎಂಟಿಸಿಯಲ್ಲಿ ಕೂತು ಹಿಂದಿನ ಸೀಟಿನವರಿಗೆ ಚಿಲ್ಲರೆ ಕೊಡುವ ಹಾಗೆ.

ಲಂಗದ ಮುಂದೆ ಮೂರು ನಿಮಿಷವೂ ನಿಲ್ಲಲಿಲ್ಲ. ತಲೆ ವಾಲಿತು, "ಲಿಟರಲ್." ಜಾಕೆಟ್ ಮುಂದೆ ಬಂದರು. ಹೊರಗಿನಿಂದ ಬಂದಿದ್ದ ಇಬ್ಬರು ತೀರ್ಪುಗಾರರೂ ಬಂದರು. ಮೂರು ತಲೆ, ಮೂರು ದಿಕ್ಕು. ಒಬ್ಬರು ಆ ಹಿಂದಿನ ತೋಳನ್ನು ಎರಡು ಬೆರಳಲ್ಲಿ ಎತ್ತಿ, "ಇದು ಬೇಕಂತಲೇ ಮಾಡಿದ್ದಾ?" ಅಂದರು. ಸುಳ್ಳು ಹೇಳಬೇಕು ಅಂತ ನಾನು ಯೋಚಿಸಿರಲಿಲ್ಲ. ಬಾಯಿ ತಾನಾಗಿ "ತ್ರಿಭಂಗಿ" ಅಂದುಬಿಟ್ಟಿತು. ಶಿಲಾಬಾಲಿಕೆ ಮೈ ಮೂರು ಕಡೆ ಬಳುಕಿಸಿ ನಿಲ್ಲುತ್ತಾಳಲ್ಲ, ಒಂದು ಕೈ ಮುಂದೆ ಒಂದು ಕೈ ಹಿಂದೆ, ಆ ಚಲನೆ ಬಟ್ಟೆಯೊಳಗೇ ಇರಲಿ ಅಂತ... ಮುಂದೆ ಏನು ಹೇಳಿದೆನೋ ನನಗೇ ನೆನಪಿಲ್ಲ. ಮ್ಯಾಮ್ ಕಣ್ಣು ಒದ್ದೆಯಾಗಿತ್ತು. ಮೂರು ವರ್ಷದಲ್ಲಿ ಮೊದಲ ಸಲ ನನ್ನ ಹೆಸರು ಸರಿಯಾಗಿ ಕರೆದು, "ಇದೇ ದಾರಿಯಲ್ಲಿ ಇನ್ನೂ ಐದು ಪೀಸ್, ಮುಂದಿನ ಶುಕ್ರವಾರಕ್ಕೆ. ಇನ್‌ಸ್ಪಿರೇಷನ್ ಬೋರ್ಡ್ ಸಮೇತ," ಅಂದರು.

ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ತೋಳು ಹಿಂದುಮುಂದಾಗಿದ್ದಕ್ಕೆ ಮಾರ್ಕ್ಸ್ ಕೊಟ್ರಾ? ನಮ್ ಬೀದಿ ಟೇಲರ್ ಹತ್ತಿರ ಅಂಥ ಬ್ಲೌಸ್ ನಾನು ಎಷ್ಟು ಸಲ ವಾಪಸ್ ಕೊಟ್ಟಿದೀನಿ," ಅಂದರು.

ನಿನ್ನೆ ಇಡೀ ದಿನ ಕೋರಾ ಬಟ್ಟೆಯಲ್ಲಿ ಆ ತಪ್ಪನ್ನು ಮತ್ತೆ ಮಾಡಲು ಒದ್ದಾಡಿದೆ. ಬೇಕೆಂದು ಮಾಡಿದ ತಪ್ಪು ತಪ್ಪಿನ ಹಾಗೆ ಕಾಣುವುದಿಲ್ಲ, ಬರೀ ಕೆಟ್ಟದಾಗಿ ಕಾಣುತ್ತದೆ. ಅವತ್ತು ನಿದ್ದೆಗಣ್ಣಲ್ಲಿ ತೋಳಿನ ಸುರುಕು ಎಲ್ಲಿ ಹಿಡಿದೆ, ಎಷ್ಟು ಎಳೆದೆ, ದೇವರಿಗೇ ಗೊತ್ತು. ನಾಲ್ಕನೇ ಸಲ ರೋಸಿಹೋಗಿ ಕೈಗೆ ಬಂದ ಹಾಗೆ ಕತ್ತರಿಸಿದೆ. ಹುಟ್ಟಿದಾರಭ್ಯ ನಾನು ಹೊಲಿದ ತೋಳುಗಳಲ್ಲೇ ಅತ್ಯಂತ ಸರಿಯಾದ ಜೋಡಿ ಬಂತು. ಅದನ್ನು ಅಮ್ಮನ ಬ್ಲೌಸಿಗೆ ಎತ್ತಿಟ್ಟಿದ್ದೇನೆ.

ಬೋರ್ಡಿಗಾದರೂ ಏನಾದರೂ ಸಿಗಲಿ ಅಂತ ಇವತ್ತು ಬೆಳಗಿನ ಬಸ್ಸಿಗೆ ಹಾಸನಕ್ಕೆ ಹೋಗಿ, ಅಲ್ಲಿಂದ ಬೇಲೂರಿನ ಬಸ್ ಹತ್ತಿದೆ. ಮುಗಿದ ಮೇಲೆ ಹುಟ್ಟಿದ ಇನ್‌ಸ್ಪಿರೇಷನ್‌ಗೆ ಹಿಂದಿನ ತಾರೀಕು ಹಾಕಿ ಪುರಾವೆ ಕೂಡಿಸುವ ಕೆಲಸ. ತ್ರಿಭಂಗಿಗಳ ಫೋಟೋ ಸಿಕ್ಕಿತು. ಬಣ್ಣಕ್ಕೆ ಆ ಶಟರ್ ಇದ್ದೇ ಇದೆಯಲ್ಲ ಅಂತ ವಾಪಸ್ ಬರುವಾಗ ಅಂಗಡಿ ಹತ್ತಿರ ಇಳಿದೆ.

ಶಟರ್ ಗಿಳಿಹಸಿರಾಗಿತ್ತು. ಹೊಸ ಪೇಂಟಿನ ವಾಸನೆ ಟೀಯನ್ನೂ ಮೀರಿಸುತ್ತಿತ್ತು. ಅಂಗಡಿಯವರು ಗುರುತು ಹಿಡಿದು ಎದ್ದು ನಿಂತರು. "ಬಂದ್ರಾ ಮೇಡಂ! ಈಗ ತೆಗೀರಿ ಫೋಟೋ. ಅವತ್ತು ಮರ್ಯಾದೆ ಹೋಗಿತ್ತು ನಂದು." ಒಳಗೆ ಹೋಗಿ ತಲೆ ಬಾಚಿಕೊಂಡು, ಮೇಲಿನ ಗುಂಡಿ ಹಾಕಿಕೊಂಡು ಬಂದು ಶಟರ್ ಮುಂದೆ ನೆಟ್ಟಗೆ ನಿಂತರು. ನಾನು ಹನ್ನೊಂದು ಫೋಟೋ ತೆಗೆದೆ. ನಿಂತ ಭಂಗಿಯಲ್ಲಿ ಒಂದೂ ಭಂಗ ಇಲ್ಲ.

"ಯಾವ ಪೇಪರ್‌ನಲ್ಲಿ ಬರುತ್ತೆ?"

"ಪೇಪರಲ್ಲ ಅಂಕಲ್, ಕಾಲೇಜಲ್ಲಿ ಬೋರ್ಡಿಗೆ ಹಾಕ್ತೀವಿ."

"ಓ, ಬರೀ ಕಾಲೇಜಾ," ಅಂದರು. ಮೇಲಿನ ಗುಂಡಿ ಬಿಚ್ಚಿ ಒಳಗೆ ಹೋಗಿ ಟೀಗೆ ಹದಿನೈದು ರೂಪಾಯಿ ಇಸಕೊಂಡರು.